ಮೇಲಿನ ಸಾಲಿನ ಹನ್ನೆರಡು ಕೀಲಿಗಳು

ತಹಸೀಲ್ದಾರ ಕಚೇರಿಯ ಎದುರಿನ ಸಾಲು ಇಂಡಿಯಲ್ಲೂ ಅದೇ, ಮುದ್ದೇಬಿಹಾಳದಲ್ಲೂ ಅದೇ. ಒಂದು ಝೆರಾಕ್ಸ್ ಅಂಗಡಿ, ಪಕ್ಕದಲ್ಲಿ ಚಹಾದಂಗಡಿ, ಅದರಾಚೆ ಇನ್ನೊಂದು ಝೆರಾಕ್ಸ್ ಅಂಗಡಿ. ಒಳಗೆ ಒಂದು ಕಂಪ್ಯೂಟರ್. ಅದರ ಮುಂದೆ ಕುಳಿತವರು ಬೆಳಗಿನಿಂದ ಸಂಜೆತನಕ ಕನ್ನಡ ಟೈಪ್ ಮಾಡುತ್ತಾರೆ. ವಾರಸಾ ಅರ್ಜಿ, ವಾಟ್ನಿ ಪತ್ರ, ಅಫಿಡವಿಟ್, ಉತಾರದಲ್ಲಿ ತಪ್ಪಿದ ಹೆಸರು ಸರಿಪಡಿಸಲು ಮನವಿ, ಸಂಘದ ಠರಾವು, ನಡುನಡುವೆ ಮದುವೆಯ ಲಗ್ನಪತ್ರಿಕೆ. ಕಂಪ್ಯೂಟರಿನಲ್ಲಿ ಕನ್ನಡದ ಭವಿಷ್ಯ ಏನು ಎಂದು ದೊಡ್ಡ ಊರುಗಳ ಸಭೆಗಳಲ್ಲಿ ಚರ್ಚೆ ನಡೆಯುತ್ತಲೇ ಇರುತ್ತದೆ. ದಿನವಿಡೀ ಕಂಪ್ಯೂಟರಿನಲ್ಲಿ ಕನ್ನಡ ಬರೆದು ಹೊಟ್ಟೆ ಹೊರೆಯುವವರು ಮಾತ್ರ ಇಲ್ಲಿದ್ದಾರೆ, ಸಿಂದಗಿಯ ಬಸ್ ನಿಲ್ದಾಣದ ಹತ್ತಿರ, ಬಾಗೇವಾಡಿಯ ಗುಡಿಯ ಓಣಿಯಲ್ಲಿ.

ನಾನು ಟೈಪಿಂಗ್ ಕಲಿಸುವವನು. ಇವರ ಕೈಗಳನ್ನು ನೋಡುವುದು ನನ್ನ ಚಟ. ಇವತ್ತಿನ ನನ್ನ ಮಾತೆಲ್ಲ ಆ ಕೈಗಳ ಬಗ್ಗೆಯೇ.

ಅಕ್ಷರದ ಕೀಲಿಗಳ ಮೇಲೆ ಇವರ ಬೆರಳು ಓಡುವ ವೇಗಕ್ಕೆ ತಲೆದೂಗಬೇಕು. ಆದರೆ ಒಂದು ಪದ ತಿದ್ದಬೇಕಾಗಿ ಬಂದೊಡನೆ ಬಲಗೈ ಕೀಲಿಮಣೆ ಬಿಟ್ಟು ಮೌಸಿಗೆ ಹೋಗುತ್ತದೆ. ಬಾಣವನ್ನು ಪದದ ಮೇಲೆ ತಂದು, ಒತ್ತಿ, ಎಳೆದು, ಮೇಲಿನ ಪಟ್ಟಿಗೆ ಹೋಗಿ, ಅಲ್ಲಿ ಇಳಿಯುವ ಯಾದಿಯಲ್ಲಿ ಬೇಕಾದದ್ದನ್ನು ಹುಡುಕಿ, ಮತ್ತೆ ಒತ್ತಿ, ಕೈ ವಾಪಸು ಕೀಲಿಮಣೆಗೆ. ಪುಟಕ್ಕೆ ಹತ್ತಾರು ಸಲ ಈ ಪ್ರಯಾಣ. ಕಲಿಯುವ ಮೊದಲ ತಿಂಗಳಲ್ಲಿ ಇದು ಸರಿಯೇ. ಹತ್ತು ವರ್ಷ ಅನುಭವ ಇದ್ದವರೂ ಹೀಗೆಯೇ ಮಾಡಿದರೆ ಅದು ತನ್ನೂರಿನ ಅಗಸಿಯಲ್ಲಿ ನಿಂತು ದಿನಾ ತನ್ನ ಮನೆಯ ದಾರಿ ಕೇಳಿದ ಹಾಗೆ.

ಮೌಸ್ ಕೆಟ್ಟ ದಿನ ಇದು ಗೊತ್ತಾಗುತ್ತದೆ. ಹೊಟ್ಟೆಯಲ್ಲಿ ರಬ್ಬರ್ ಗುಂಡು ಇದ್ದ ಹಳೆಯ ಮೌಸುಗಳ ಕಾಲದಲ್ಲಿ ನಮ್ಮ ಎರಿ ಮಣ್ಣಿನ ಧೂಳು ಒಳಗಿನ ಉರುಳೆಗಳಿಗೆ ಮೆತ್ತಿ, ಬಾಣ ನಿಂತಲ್ಲೇ ನಡುಗುತ್ತಿತ್ತು. ಗುಂಡು ತೆಗೆದು, ಉಗುರಿನಿಂದ ಆ ಕರಿ ಮಣ್ಣಿನ ಎಳೆ ಕೆರೆದು ಹಾಕುವುದು ಅಂಗಡಿಯ ಮುಂಜಾನೆಯ ಕೆಲಸವಾಗಿತ್ತು. ಈಗಿನವು ಬೆಳಕಿನಿಂದ ಓಡುತ್ತವೆ, ಆ ಕಾಟ ತಪ್ಪಿದೆ. ಆದರೂ ತಂತಿ ಕಡಿಯುತ್ತದೆ, ಗುಂಡಿ ಸವೆಯುತ್ತದೆ. ಆಗ "ಮೌಸ್ ಕೆಟ್ಟೈತ್ರೀ ಕಾಕಾ, ಇವತ್ತ ಕೆಲಸ ಆಗಂಗಿಲ್ಲ" ಎನ್ನುವ ಮಾತು. ಬೆಂಚಿನ ಮೇಲೆ ಕೂತ ಹಿರಿಯರು "ಬಸ್ಸಿನ ಹೊತ್ತಾತಲ್ಲೋ ತಮ್ಮಾ, ಎರಡ ಅಕ್ಷರ ತಿದ್ದೂದೈತಿ ಅಷ್ಟ" ಎಂದು ಬೇಡಿಕೊಳ್ಳುತ್ತಾರೆ. ಎದುರಿಗೆ ನೂರಕ್ಕೂ ಹೆಚ್ಚು ಕೀಲಿಗಳಿರುವ ಮಣೆ ಸುಸ್ಥಿತಿಯಲ್ಲಿದೆ. ಆದರೂ ಎರಡು ಅಕ್ಷರ ತಿದ್ದಲಾಗದು.

ಮೌಸನ್ನು ಕಂಡುಹಿಡಿದ ಮನುಷ್ಯ ಹೀಗಾಗಲಿ ಎಂದುಕೊಂಡಿರಲಿಲ್ಲ. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು ಒಂದೂವರೆ ತಾಸಿನ ಒಂದು ಪ್ರದರ್ಶನ ಕೊಟ್ಟ. ಪರದೆಯ ಮೇಲೆ ಬರಹ ಬರೆಯುವುದು, ಸಾಲು ಸರಿಸುವುದು, ಅಳಿಸುವುದು, ಎಲ್ಲವನ್ನೂ ಅಲ್ಲಿ ಸೇರಿದ್ದ ಹೆಚ್ಚಿನವರು ಮೊದಲ ಸಲ ಕಂಡರು. ಆತನ ಬಲಗೈಯಲ್ಲಿ ಮೌಸ್ ಇತ್ತು, ಇದು ಎಲ್ಲರೂ ಹೇಳುವ ಕಥೆ. ಎಡಗೈ ಕೆಳಗೆ ಐದು ಕೀಲಿಗಳ ಒಂದು ಪುಟ್ಟ ಮಣೆ ಇತ್ತು, ಇದನ್ನು ಹೇಳುವವರು ಕಡಿಮೆ. ಹಾರ್ಮೋನಿಯಂ ನುಡಿಸುವವರ ಹಾಗೆ ಎರಡು ಮೂರು ಕೀಲಿ ಕೂಡಿಸಿ ಒತ್ತಿ ಆತ ಆಜ್ಞೆ ಕೊಡುತ್ತಿದ್ದ. ಬಲಗೈ ಎಲ್ಲಿ ಎಂದು ತೋರಿಸಬೇಕು, ಎಡಗೈ ಏನು ಮಾಡಬೇಕು ಎಂದು ಹೇಳಬೇಕು, ಇದು ಆತನ ಲೆಕ್ಕ. ಮುಂದೆ ಮೌಸ್ ಜಗತ್ತಿಗೆಲ್ಲ ಹಬ್ಬಿತು, ಆ ಐದು ಕೀಲಿಗಳು ಮಾತ್ರ ಅಲ್ಲೇ ಉಳಿದವು.

ಪೂರ್ತಿ ಉಳಿದವು ಎಂದರೂ ತಪ್ಪು, ಎಡಗೈಗೆ ಆಜ್ಞೆಯ ಕೀಲಿ ಎಂಬ ವಿಚಾರ ಬೇರೆ ಕಡೆಯೂ ಕಾಣಿಸಿತು. 1981ರಲ್ಲಿ ಬಂದ ಐಬಿಎಂ ಪಿಸಿಯ ಕೀಲಿಮಣೆಯಲ್ಲಿ ಎಫ್ 1ರಿಂದ ಎಫ್ 10ರವರೆಗಿನ ಕೀಲಿಗಳು ಮೇಲೆ ಇರಲಿಲ್ಲ, ಎಡಬದಿಗೆ ಎರಡು ಕಂಬಸಾಲಾಗಿ ಇದ್ದವು. ಎಡಗೈ ಕಿರುಬೆರಳು ಚಾಚಿದರೆ ಸಿಗುತ್ತಿದ್ದವು. 1982ರಲ್ಲಿ ಹುಟ್ಟಿದ ಸನ್ ಕಂಪನಿಯ ವರ್ಕ್‌ಸ್ಟೇಷನ್‌ಗಳು, ಅಂದರೆ ಎಂಜಿನಿಯರುಗಳ ಮತ್ತು ವಿಜ್ಞಾನಿಗಳ ಮೇಜಿನ ಮೇಲೆ ಇರುತ್ತಿದ್ದ ಬಲವಾದ ಕಂಪ್ಯೂಟರುಗಳು, ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಅವುಗಳ ಎಡಬದಿಯ ಕೀಲಿಗಳ ಮೇಲೆ ಕೆಲಸದ ಹೆಸರುಗಳನ್ನೇ ಅಚ್ಚು ಹಾಕಿದ್ದರು: ಸ್ಟಾಪ್, ಅಗೇನ್, ಅನ್‌ಡೂ, ಕಾಪಿ, ಪೇಸ್ಟ್, ಫೈಂಡ್, ಕಟ್. ಬಲಗೈಯಲ್ಲಿ ಮೂರು ಗುಂಡಿಯ ಮೌಸ್. ಪದ ತೋರಿಸು, ಕಟ್ ಒತ್ತು, ಜಾಗ ತೋರಿಸು, ಪೇಸ್ಟ್ ಒತ್ತು. ಎರಡೂ ಕೈಗೆ ಕೆಲಸ, ಯಾವ ಕೈಗೂ ಪ್ರಯಾಣವಿಲ್ಲ. ಪಠ್ಯ ತಿದ್ದುವವರಿಗೆ ಅದಕ್ಕಿಂತ ಚೆನ್ನಾದ ಮೇಜು ಇವತ್ತಿಗೂ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ. 1980ರ ದಶಕದ ನಡುವಿನಲ್ಲಿ ಐಬಿಎಂ ತನ್ನ ಎಫ್ ಕೀಲಿಗಳನ್ನು ಹನ್ನೆರಡು ಮಾಡಿ ಮೇಲಿನ ಸಾಲಿಗೆ ಏರಿಸಿತು, ಉಳಿದವರೂ ಅದನ್ನೇ ಅನುಸರಿಸಿದರು. ನಮ್ಮ ಅಂಗಡಿಗಳಿಗೆ ಬಂದದ್ದು ಈ ಮಣೆ. ಮೇಲೇರಿದ ಕೀಲಿಗಳನ್ನು ಕೈ ಮರೆತುಬಿಟ್ಟಿತು.

ಮರೆತರೆ ನಷ್ಟ ಎಲ್ಲರಿಗೂ ಇದೆ. ಕನ್ನಡ ಟೈಪ್ ಮಾಡುವವರಿಗೆ ಇಂಗ್ಲಿಷಿನವರಿಗಿಂತ ಹೆಚ್ಚು. ಯಾಕೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಹುಡುಗರ ಬೆರಳಲ್ಲಿ ಕೂತಿರುವ ಕನ್ನಡ ಕೀಲಿಮಣೆಯ ವಿನ್ಯಾಸ ಕೆ. ಪಿ. ರಾವ್ ಅವರದು. ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆಯನ್ನು ಕೂಡಿಸಿದ ಬುದ್ಧಿವಂತಿಕೆ ಅದು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ವ್ಯಂಜನದ ಬೆನ್ನಿಗೆ ಸ್ವರ ಒತ್ತಿದರೆ ಅದೇ ಗುಣಿತವಾಗುತ್ತದೆ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಅಕ್ಷರದ ಕೀಲಿ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದಲ್ಲಿ ಇದೇ ವಿನ್ಯಾಸ ಬಂತು, ಸರ್ಕಾರವೂ ಇದನ್ನೇ ಒಪ್ಪಿಕೊಂಡಿತು, ತಾಲೂಕು ತಾಲೂಕಿಗೆ ಹಬ್ಬಿತು. ಅಂದರೆ ಒಂದೇ ಕೀಲಿಗೆ ಎರಡು ಬಾಳು. ಸ್ಕ್ರೋಲ್ ಲಾಕ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಬರಹ ತಂತ್ರಾಂಶ ಬಳಸುವವರು ಇದೇ ಕೆಲಸಕ್ಕೆ ಎಫ್ 11 ಒತ್ತುತ್ತಾರೆ.

ಈಗ ಯೋಚಿಸಿ ನೋಡಿ. ಕೀಲಿ ಒಂದೇ, ಅರ್ಥ ಎರಡು, ಯಾವುದು ಚಾಲ್ತಿಯಲ್ಲಿದೆ ಎಂದು ತಲೆ ನೆನಪಿಟ್ಟುಕೊಳ್ಳಬೇಕು. ಇಂಥ ಕಡೆ ಮನುಷ್ಯ ಎಡವುತ್ತಲೇ ಇರುತ್ತಾನೆ. ಝೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಬ್ರಾವೊ ಎಂಬ ಪಠ್ಯ ಸಂಪಾದಕ, ಅಂದರೆ ಬರಹ ತಿದ್ದುವ ತಂತ್ರಾಂಶ, ಇತ್ತು. ಅದರಲ್ಲಿ ಅಕ್ಷರದ ಕೀಲಿಗಳೇ ಆಜ್ಞೆಗಳೂ ಆಗಿದ್ದವು. ಬರೆಯುವ ಸ್ಥಿತಿಯಲ್ಲಿ ಇದ್ದೇನೆ ಎಂದುಕೊಂಡು ಇಂಗ್ಲಿಷಿನಲ್ಲಿ 'ಎಡಿಟ್' ಎಂದು ಟೈಪ್ ಮಾಡಿದರೆ ಮೊದಲ ಅಕ್ಷರ 'ಎಲ್ಲವನ್ನೂ ಆರಿಸು' ಎಂದಾಗಿ, ಎರಡನೆಯದು 'ಅಳಿಸು' ಎಂದಾಗಿ, ಮೂರನೆಯದು 'ಸೇರಿಸು' ಎಂದಾಗಿ, ಕೊನೆಗೆ ಇಡೀ ಕಡತದಲ್ಲಿ ಒಂದು 'ಟಿ' ಮಾತ್ರ ಉಳಿಯುತ್ತಿತ್ತು ಎಂಬ ಕಥೆ ಪ್ರಸಿದ್ಧ. ಅಲ್ಲೇ ಇದ್ದ ಲ್ಯಾರಿ ಟೆಸ್ಲರ್ ಇದನ್ನು ಕಂಡು ರೋಸಿ, ಕಟ್, ಕಾಪಿ, ಪೇಸ್ಟ್ ಎಂಬ ಇವತ್ತಿನ ರೂಢಿಯನ್ನು ಗೆಳೆಯರೊಡನೆ ಕೂಡಿ ರೂಪಿಸಿದ.

ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ವಿಐ ಎಂಬ ಸಂಪಾದಕವನ್ನು 1976ರ ಹೊತ್ತಿಗೆ ಬಿಲ್ ಜಾಯ್ ಬರೆದ, ಅದರ ಸಂತತಿಯಾದ ವಿಮ್ ಇವತ್ತಿಗೂ ಯುನಿಕ್ಸ್ ಬಳಗದ ಲಿನಕ್ಸ್ ಇರುವ ಹೆಚ್ಚಿನ ಕಡೆ ಇದೆ. ಅದರಲ್ಲೂ ಎಚ್, ಜೆ, ಕೆ, ಎಲ್ ಅಕ್ಷರಗಳೇ ಬಾಣದ ಕೀಲಿಗಳು. ಕನ್ನಡ ಚಾಲ್ತಿಯಲ್ಲಿರುವಾಗ ಅವುಗಳನ್ನು ಒತ್ತಿದರೆ ಹ, ಜ, ಕ, ಲ ಬರುತ್ತವೆ. ಸಂಪಾದಕಕ್ಕೆ ಅವು ಅರ್ಥವಾಗುವುದಿಲ್ಲ, ಗಂಟೆ ಬಾರಿಸಿ ಸುಮ್ಮನಾಗುತ್ತದೆ. "ಬದಲಿಸಲೇ, ಬೇಡವೇ" ಎಂದು ಕೇಳಿದಾಗ ವೈ ಒತ್ತಿದರೂ ಅದಕ್ಕೆ ಕಾಣುವುದು ಯ. ಪ್ರತಿ ಸಲವೂ ಭಾಷೆ ಬದಲಿಸಿ ಉತ್ತರ ಹೇಳಿ ಮತ್ತೆ ಭಾಷೆ ಬದಲಿಸಬೇಕು.

ಎಫ್ ಕೀಲಿಗಳು ಮತ್ತು ಮೌಸ್, ಇವೆರಡಕ್ಕೂ ಭಾಷೆಯ ಹಂಗಿಲ್ಲ. ಕನ್ನಡ ಇರಲಿ, ಇಂಗ್ಲಿಷ್ ಇರಲಿ, ಉರ್ದು ಇರಲಿ, ಎಫ್ 3 ಎಫ್ 3ಯೇ. ಎರಡು ಲಿಪಿಗಳ ನಡುವೆ ದಿನವಿಡೀ ಓಡಾಡುವ ನಮ್ಮಂಥವರಿಗೆ ನಿಂತ ನೆಲ ಅಂದರೆ ಆ ಮೇಲಿನ ಸಾಲು. ನಾನು ಇವತ್ತು ಹೇಳಬೇಕೆಂದು ಬಂದದ್ದು ಇಷ್ಟೇ. ಉಳಿದದ್ದು ಉದಾಹರಣೆ.

ಹುಡುಕಿ ಬದಲಿಸುವ ಕೆಲಸವನ್ನೇ ನೋಡೋಣ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಅಂಗಡಿ ಅಂಗಡಿಯ ಮಾದರಿ ಪತ್ರಗಳನ್ನೆಲ್ಲ ತಿದ್ದಬೇಕಾಯಿತು. ಅದರ ಬೆನ್ನಿಗೇ ತಾಲೂಕುಗಳು ಒಡೆದವು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ. ವಿಜಯಪುರ ತಾಲೂಕು ಒಡೆದು ಆದ ಎರಡನ್ನೂ ಕೂಡಿಸಿ, ಐದು ತಾಲೂಕುಗಳ ಜಿಲ್ಲೆ ಹದಿಮೂರು ತಾಲೂಕುಗಳದಾಯಿತು. ಚಡಚಣ ಭಾಗದ ಒಬ್ಬ ರೈತರ ಹಳೆಯ ಖರೀದಿ ಪತ್ರವನ್ನು ಮಾದರಿಯಾಗಿ ಇಟ್ಟುಕೊಂಡು ಹೊಸದು ಮಾಡಬೇಕು ಎಂದುಕೊಳ್ಳಿ. ಹುಡುಗ ಏನು ಮಾಡುತ್ತಾನೆ? ಹುಡುಕು ಎಂಬಲ್ಲಿ 'ಇಂಡಿ', ಬದಲಿಸು ಎಂಬಲ್ಲಿ 'ಚಡಚಣ', ಮೌಸ್ ಒಯ್ದು 'ಎಲ್ಲವನ್ನೂ ಬದಲಿಸು' ಗುಂಡಿಯ ಮೇಲೆ ಒಂದೇ ಏಟು.

ಕಣ್ಣು ಮಿಟುಕಿಸುವಷ್ಟರಲ್ಲಿ ಪತ್ರದೊಳಗಿನ 'ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ' ಎಂಬುದು 'ಸ್ಟೇಟ್ ಬ್ಯಾಂಕ್ ಆಫ್ ಚಡಚಣಯಾ' ಆಗಿರುತ್ತದೆ. ನಗು ಬರುತ್ತದೆ, ಖರೆ. ನಗು ಬಾರದ ತಪ್ಪುಗಳೂ ಅದರೊಳಗೇ ಇರುತ್ತವೆ. 'ಇಂಡಿಯಲ್ಲಿ' ಎಂಬುದು 'ಚಡಚಣಯಲ್ಲಿ' ಆಗುತ್ತದೆ, 'ಚಡಚಣದಲ್ಲಿ' ಆಗುವುದಿಲ್ಲ. 'ಇಂಡಿ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ಹಳೆಯ ದಸ್ತಾವೇಜು' ಎಂದು ಇದ್ದ ಕಡೆಯೂ ಚಡಚಣ ಬಂದು ಕೂರುತ್ತದೆ. ಆ ದಸ್ತಾವೇಜು ನೋಂದಣಿಯಾದದ್ದು ಇಂಡಿಯಲ್ಲಿ, ಅದನ್ನು ಬದಲಿಸುವ ಹಕ್ಕು ಯಾರಿಗೂ ಇಲ್ಲ. ಬಿಜಾಪುರದ ಕಥೆಯೂ ಇದೇ, ಅದಕ್ಕೆ ಮೇಲೊಂದು ತಾಪತ್ರಯ: ಹಳೆಯ ಕಾಗದಗಳಲ್ಲಿ ಬಿಜಾಪುರ, ಬಿಜಾಪೂರ, ವಿಜಾಪುರ, ವಿಜಾಪೂರ ಎಂದು ಬರೆದವರ ಮರ್ಜಿಯಂತೆ ಇರುತ್ತದೆ. ಒಂದನ್ನು ಹುಡುಕಿದರೆ ಉಳಿದವು ಸಿಗುವುದಿಲ್ಲ.

'ಪೂರ್ತಿ ಪದ ಮಾತ್ರ' ಎಂಬ ಚೌಕಕ್ಕೆ ಗುರುತು ಹಾಕಿದರಾಯಿತಲ್ಲ ಎಂದು ಕಾಲೇಜಿನಲ್ಲಿ ಕಲಿತವರು ಕೇಳಬಹುದು. ಆ ಚೌಕ ಮಾಡಿದ್ದು ಇಂಗ್ಲಿಷಿಗೆ. ಇಂಗ್ಲಿಷಿನಲ್ಲಿ ಊರ ಹೆಸರಿಗಿಂತ ಮೊದಲು ಬೇರೆ ಪದ ಬರುತ್ತದೆ, ಹೆಸರು ಬಿಡಿಯಾಗಿ ನಿಂತಿರುತ್ತದೆ. ನಮ್ಮಲ್ಲಿ ವಿಭಕ್ತಿ ಹೆಸರಿಗೇ ಅಂಟುತ್ತದೆ: ಇಂಡಿಗೆ, ಇಂಡಿಯಿಂದ, ಇಂಡಿಯವರು. ಪೂರ್ತಿ ಪದ ಎಂದು ಹುಡುಕಿದರೆ ಇವು ಯಾವುವೂ ಸಿಗವು. ಬಿಡಿ ಅಕ್ಷರ ಎಂದು ಹುಡುಕಿದರೆ ಇಂಡಿಯಾವೂ ಬರುತ್ತದೆ. ಕನ್ನಡಕ್ಕೆ ಸದ್ಯ ಇರುವ ದಾರಿ ಒಂದೇ: ಒಂದೊಂದೇ ಸ್ಥಳಕ್ಕೆ ಹೋಗಿ, ಕಣ್ಣಿಂದ ಓದಿ, ಬದಲಿಸಬೇಕೋ ಬೇಡವೋ ಎಂದು ತೀರ್ಮಾನಿಸಿ, ಮುಂದಿನದಕ್ಕೆ ಹೋಗುವುದು. ಮೌಸಿನಲ್ಲಿ ಮಾಡಿದರೆ ಇದು ಬೇಸರದ ಕೆಲಸ, ಅದಕ್ಕೇ ಹುಡುಗ 'ಎಲ್ಲವನ್ನೂ' ಒತ್ತುತ್ತಾನೆ. ನೋಟ್‌ಪ್ಯಾಡಿನಲ್ಲಿ ಎಫ್ 3 ಒತ್ತಿದರೆ ಮುಂದಿನ ಸ್ಥಳ, ಮತ್ತೊಮ್ಮೆ ಒತ್ತಿದರೆ ಅದರ ಮುಂದಿನದು. ಮೈಕ್ರೋಸಾಫ್ಟ್ ವರ್ಡಿನಲ್ಲಿ ಎಫ್ 4, ಈಗಷ್ಟೇ ಮಾಡಿದ ಕೆಲಸವನ್ನು ಮತ್ತೊಮ್ಮೆ ಮಾಡುತ್ತದೆ. ಕಣ್ಣು ಪರದೆ ಬಿಟ್ಟು ಕದಲಬೇಕಾಗಿಲ್ಲ. ಹಳ್ಳಿಯ ಹೆಸರಿನ ಮುಂದೆ ಬಿ.ಕೆ. ಇದೆಯೋ ಕೆ.ಡಿ. ಇದೆಯೋ, ಅಂದರೆ ಬುದ್ರುಕವೋ ಖುರ್ದವೋ, ಎಂಬುದನ್ನು ಓದಿ ಮುಂದೆ ಹೋಗಬಹುದು. ಎರಡು ಬೇರೆ ಬೇರೆ ಊರುಗಳು ಅವು. ಒಂದು ಚುಕ್ಕೆಯ ಆಚೀಚೆ ಹೊಲ ಬೇರೆ ಊರಿಗೆ ಹೋಗುತ್ತದೆ.

ಮೌಸ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಆಣೆವಾರಿ ತಖ್ತೆಯ ಒಂದು ಕಾಲಂ ಪೂರ್ತಿ ಹಿಡಿಯಬೇಕು, ಲಗ್ನಪತ್ರಿಕೆಯಲ್ಲಿ ಗಣಪತಿಯನ್ನು ಸ್ವಲ್ಪ ಎಡಕ್ಕೆ ಸರಿಸಬೇಕು, ಇಂಥದಕ್ಕೆ ಮೌಸೇ ಸೈ. ಅದರ ಮಿತಿ ಕಾಣುವುದು ಒಂದು ಅಕ್ಷರದ ಒಳಗೆ ಹೋಗಬೇಕಾದಾಗ. 'ಕ್ಷೇತ್ರ' ಎಂಬ ಪದವನ್ನು ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಎರಡೇ ಅಕ್ಷರ. ಪ್ರತಿ ಲಿಪಿಯ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಏಳು: ಕ, ಹಲಂತ, ಷ, ಏತ್ವ, ತ, ಹಲಂತ, ರ. ಬಾಣವನ್ನು ಎಷ್ಟೇ ಜಾಣತನದಿಂದ ಇಟ್ಟರೂ ಮೌಸ್ ಕ್ಷೇ ಅಕ್ಷರದ ಹೊಟ್ಟೆಯೊಳಗೆ ಹೋಗದು, ಆ ಬದಿಗೆ ಅಥವಾ ಈ ಬದಿಗೆ ನಿಲ್ಲುತ್ತದೆ. ಅಳಿಸುವ ಎರಡು ಕೀಲಿಗಳ ಸ್ವಭಾವವೂ ಬೇರೆ. ಹೆಚ್ಚಿನ ತಂತ್ರಾಂಶಗಳಲ್ಲಿ ಡಿಲೀಟ್ ಒತ್ತಿದರೆ ಮುಂದಿನ ಅಕ್ಷರ ಬುಡಸಮೇತ ಹೋಗುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಹಿಂದಿನಿಂದ ಒಂದೊಂದೇ ಕಳಚುತ್ತದೆ: ಮೊದಲು ಏತ್ವ, ಆಮೇಲೆ ಷ, ಆಮೇಲೆ ಹಲಂತ. 'ಕ್ಷೇ' ಎಂದು ಬರೆಯಬೇಕಾದಲ್ಲಿ 'ಕ್ಷೆ' ಎಂದಾಗಿದ್ದರೆ ಅದರ ಬಲಬದಿಗೆ ನಿಂತು ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿ ದೀರ್ಘ ಹಾಕಿದರೆ ಸಾಕು. ಇದು ಗೊತ್ತಿಲ್ಲದೆ ಮೌಸಿನಿಂದ ಇಡೀ ಪದ ಹಿಡಿದು ಅಳಿಸಿ ಮತ್ತೆ ಬರೆಯುವವರನ್ನು ದಿನಾ ನೋಡುತ್ತೇನೆ.

ಇನ್ನು ಕಾಲೇಜುಗಳ ಲಿನಕ್ಸ್ ಪ್ರಯೋಗಾಲಯ ನೋಡಿಕೊಳ್ಳುವವರಿಗೆ ಎರಡು ಮಾತು. ಸರ್ವರಿಗೆ ದೂರದಿಂದ ಸಂಪರ್ಕ ಹಾಕಿ ವಿಐ ತೆರೆದು ಎಫ್ 1 ಒತ್ತಿದಾಗ ಸಹಾಯ ಬರುವ ಬದಲು ಮೇಲೊಂದು ಹೊಸ ಸಾಲು ಹುಟ್ಟಿ ಅದರಲ್ಲಿ ಇಂಗ್ಲಿಷಿನ 'ಪಿ' ಬಂದು ಕೂತದ್ದನ್ನು ನೋಡಿ ವಿದ್ಯಾರ್ಥಿಗಳು ಗಾಬರಿಯಾಗುತ್ತಾರೆ. ವೈರಸ್ ಅಲ್ಲ. ಟರ್ಮಿನಲ್‌ನಲ್ಲಿ ಎಫ್ ಕೀಲಿಗೆ ತನ್ನದೇ ಆದ ಒಂದು ಅಕ್ಷರ ಇಲ್ಲ, ಅದು ಅಕ್ಷರಗಳ ಒಂದು ಸರ ಕಳಿಸುತ್ತದೆ. ಎಫ್ 1 ಕಳಿಸುವುದು ಎಸ್ಕೇಪ್, ದೊಡ್ಡ ಓ, ದೊಡ್ಡ ಪಿ. ಈ ಮೂರೂ ಕೂಡಿ ಎಫ್ 1 ಎಂದು ಸಂಪಾದಕಕ್ಕೆ ತಿಳಿಯಬೇಕಾದರೆ ಎದುರಿಗಿರುವ ಟರ್ಮಿನಲ್ ಯಾವ ಜಾತಿಯದು ಎಂದು ಮೊದಲೇ ಹೇಳಿರಬೇಕು. ಹೇಳದಿದ್ದರೆ ಅದು ಬಿಡಿಬಿಡಿಯಾಗಿ ಓದುತ್ತದೆ: ಎಸ್ಕೇಪ್ ಎಂದರೆ ಬರೆಯುವುದು ನಿಲ್ಲಿಸು, ದೊಡ್ಡ ಓ ಎಂದರೆ ಮೇಲೆ ಹೊಸ ಸಾಲು ತೆರೆ, ಉಳಿದ ಪಿ ಬರಹ. ಟರ್ಮ್ ಎಂಬ ಚರಾಂಶಕ್ಕೆ ಸರಿಯಾದ ಹೆಸರು ಕೊಟ್ಟರೆ ರೋಗ ವಾಸಿ. ಮೌಸ್ ಕ್ಲಿಕ್ಕು ಕೂಡ ಹೀಗೆಯೇ ಸರವಾಗಿ ಹೋಗುತ್ತದೆ: ಯಾವ ಗುಂಡಿ, ಎಷ್ಟನೇ ಕಾಲಂ, ಎಷ್ಟನೇ ಸಾಲು. ವಿಮ್‌ನಲ್ಲಿ 'ಸೆಟ್ ಮೌಸ್ ಈಕ್ವಲ್ ಎ' ಎಂದು ಹೇಳಿದರೆ ಅದು ಕ್ಲಿಕ್ಕನ್ನು ಒಪ್ಪಿಕೊಳ್ಳುತ್ತದೆ. ಆದರೆ ಟರ್ಮಿನಲ್ ಅಂದರೆ ಒಂದೇ ಅಗಲದ ಚೌಕಗಳ ಹಾಳೆ, ಇಂಗ್ಲಿಷಿನ ಅಳತೆಗೆ ಗೆರೆ ಹಾಕಿದ್ದು. ನಮ್ಮ ಒತ್ತಕ್ಷರ ಅದರಲ್ಲಿ ಸರಿಯಾಗಿ ಕೂರುವುದಿಲ್ಲ, ನೀವು ತೋರಿಸಿದ ಜಾಗ ಒಂದು, ಕರ್ಸರ್ ನಿಲ್ಲುವ ಜಾಗ ಇನ್ನೊಂದು. ಕನ್ನಡ ಬರಹಕ್ಕೆ ಕಿಟಕಿಯಲ್ಲಿ ತೆರೆಯುವ ಸಂಪಾದಕಗಳನ್ನೇ ಬಳಸಿ. ಲಿನಕ್ಸಿನಲ್ಲೂ ಕೆ. ಪಿ. ರಾವ್ ವಿನ್ಯಾಸದ ಕೀಲಿಮಣೆ ಸಿಗುತ್ತದೆ, ಹುಡುಗರು ಹೊಸದಾಗಿ ಏನೂ ಕಲಿಯಬೇಕಾಗಿಲ್ಲ.

ವಿಮ್‌ನ ಒಂದು ಗುಣ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು, ಅದನ್ನು ಹೇಳದೆ ಬಿಡಲಾರೆ. 200 ಅಕ್ಷರ ಟೈಪ್ ಮಾಡಿದ ಮೇಲೆ ಅಥವಾ ಕೈ 4 ಸೆಕೆಂಡು ನಿಂತರೆ ಅದು ತಾನಾಗಿಯೇ ಪಕ್ಕದ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ಫಕ್ಕನೆ ಕರೆಂಟ್ ಹೋದರೆ ವಾಟ್ನಿ ಪತ್ರದ ಕೊನೆಯ ಒಂದು ಸಾಲು ಹೋಗಬಹುದು, ನಾಲ್ಕು ಪುಟ ಹೋಗುವುದಿಲ್ಲ.

ವಾಟ್ನಿ ಪತ್ರ ಎಂದಾಗ ಇನ್ನೊಂದು ಎಫ್ 3 ನೆನಪಾಗುತ್ತದೆ. ಲಿಬ್ರೆ ಆಫೀಸ್ ಎಂಬ ಪುಕ್ಕಟೆ ತಂತ್ರಾಂಶದ ರೈಟರಿನಲ್ಲಿ ಆಟೋಟೆಕ್ಸ್ಟ್ ಎಂಬ ಸೌಲಭ್ಯವಿದೆ. ಪ್ರತಿ ಪತ್ರದಲ್ಲೂ ಬರುವ ಚಕ್ಕುಬಂದಿಯ ಭಾಗ, ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಎಂದು ಖಾಲಿ ಬಿಟ್ಟ ಸಾಲುಗಳನ್ನು ಒಮ್ಮೆ ಬರೆದು, ಒಂದು ಗಿಡ್ಡ ಹೆಸರು ಕೊಟ್ಟು ಇಟ್ಟರಾಯಿತು. ಮುಂದೆ ಆ ಗಿಡ್ಡ ಹೆಸರು ಟೈಪ್ ಮಾಡಿ ಎಫ್ 3 ಒತ್ತಿದರೆ ಇಡೀ ಭಾಗ ಬಂದು ಕೂರುತ್ತದೆ. ವರ್ಡಿನಲ್ಲೂ ಇದೇ ಕೀಲಿ ಇದೇ ಕೆಲಸ ಮಾಡುತ್ತದೆ. ಈಗಿನ ರೂಢಿ ಏನು? ಹಳೆಯ ಪತ್ರ ತೆರೆದು ಅದರ ಮೇಲೆಯೇ ಹೊಸ ಹೆಸರು ಬರೆಯುವುದು. ಯಾರದೋ ಹೊಲದ ಪೂರ್ವ ದಿಕ್ಕು ಇನ್ನಾರದೋ ಪತ್ರದಲ್ಲಿ ಉಳಿದುಹೋಗುವುದು ಈ ರೂಢಿಯಿಂದ. ಕೋರ್ಟಿನ ಕಟ್ಟೆ ಹತ್ತಿದವರಿಗೆ ಅದರ ಬೆಲೆ ಗೊತ್ತು.

ಬಸವನ ಬಾಗೇವಾಡಿಯ ಹೆಸರು ತೆಗೆದು ವಚನದ ಮಾತು ಆಡದಿದ್ದರೆ ಹೇಗೆ? ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿ ಕೂಡಿಹಾಕಿ, ಕೈಯಿಂದ ನಕಲು ಮಾಡಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟದ 15 ಸಂಪುಟಗಳು ಬಂದವು. ಅದರಲ್ಲಿ 20,000ಕ್ಕೂ ಹೆಚ್ಚು ವಚನಗಳು. ಒಂದು ಪದ ಯಾವ ಯಾವ ವಚನದಲ್ಲಿ ಬಂದಿದೆ ಎಂದು ತಿಳಿಯಲು ಹಿಂದೆ ಚೀಟಿಗಳ ಡಬ್ಬಿ ಬೇಕಿತ್ತು, ಈಗ ವಚನ ಸಂಚಯ ಎಂಬ ಜಾಲತಾಣದಲ್ಲಿ ಕ್ಷಣದ ಕೆಲಸ. ಆದರೆ ಹುಡುಕಾಟ ನಡೆಯಬೇಕಾದರೆ ಬರಹ ಯೂನಿಕೋಡಿನಲ್ಲಿ ಇರಬೇಕು. ನಮ್ಮ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಅಕ್ಷರಗಳ ಕಡತಗಳು ರಾಶಿ ಬಿದ್ದಿವೆ. ಅವುಗಳಲ್ಲಿ ಕನ್ನಡದ ವೇಷ ಮಾತ್ರ ಇದೆ, ಒಳಗೆ ಇರುವುದು ರೋಮನ್ ಸಂಕೇತಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಎಂಬ ಪದದೊಳಗೆ ಬ್ರಿಟಿಷರ ಪೌಂಡಿನ ಗುರುತು ಕಾಣುತ್ತದೆ. ಅಂಥ ಕಡತದಲ್ಲಿ ಯೂನಿಕೋಡಿನ 'ಇಂಡಿ' ಹುಡುಕಿದರೆ ಎಫ್ 3 ಎಷ್ಟು ಒತ್ತಿದರೂ ಸಿಗುವುದು ಸೊನ್ನೆ. ಪರಿವರ್ತಕಗಳು ಇವೆ, ಬದಲಿಸಿಕೊಳ್ಳಿ. ಮೂಲ ಕಡತ ಅಳಿಸಬೇಡಿ, ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಂದ ಒಮ್ಮೆ ತಾಳೆ ನೋಡಿ.

ಇಂಡಿ, ಮುದ್ದೇಬಿಹಾಳ, ಸಿಂದಗಿ, ಬಾಗೇವಾಡಿ, ಈ ನಾಲ್ಕು ಊರುಗಳಲ್ಲಿ ಕಂಪ್ಯೂಟರ್ ತರಗತಿ ನಡೆಸುವ ಗುರುಗಳಿಗೆ, ಅಂಗಡಿಯ ಮಾಲೀಕರಿಗೆ ನನ್ನ ವಿನಂತಿ ಇದು. ಒಂದು ಕಾಗದದ ಪಟ್ಟಿ ಕತ್ತರಿಸಿ. ಅದರ ಮೇಲೆ ಹನ್ನೆರಡು ಕೀಲಿಗಳ ಕೆಲಸವನ್ನು ಕನ್ನಡದಲ್ಲಿ ಬರೆದು ಮೇಲಿನ ಸಾಲಿನ ತಲೆಯ ಮೇಲೆ ಅಂಟಿಸಿ. 1980ರ ದಶಕದಲ್ಲಿ ವರ್ಡ್‌ಪರ್ಫೆಕ್ಟ್ ಎಂಬ ತಂತ್ರಾಂಶ ಕೊಂಡವರಿಗೆ ಕಂಪನಿಯೇ ಇಂಥ ಪಟ್ಟಿ ಕೊಡುತ್ತಿತ್ತು, ನಮಗೆ ಕೊಡುವವರಿಲ್ಲ, ನಾವೇ ಬರೆದುಕೊಳ್ಳಬೇಕು. ಲ್ಯಾಪ್‌ಟಾಪ್ ಆದರೆ ಎಫ್ ಕೀಲಿ ಒತ್ತಿದಾಗ ಧ್ವನಿ ಹೆಚ್ಚು ಕಡಿಮೆ ಆಗಬಹುದು, ಆಗ ಕೆಳಗಿನ ಎಫ್‌ಎನ್ ಕೀಲಿಯನ್ನೂ ಕೂಡಿಸಿ ಒತ್ತಬೇಕು ಎಂದು ಆ ಪಟ್ಟಿಯ ಕೊನೆಗೆ ಬರೆಯಿರಿ. ತರಗತಿಯಲ್ಲಿ ವಾರಕ್ಕೊಮ್ಮೆ ಅರ್ಧ ತಾಸು ಮೌಸಿನ ತಂತಿ ಬಿಚ್ಚಿಡಿ. ಪಟ್ಟಿ ಬರೆಯುವ ಮೊದಲು ನಿಮ್ಮಲ್ಲಿರುವ ತಂತ್ರಾಂಶ ಯಾವುದು ಎಂದು ಖಾತ್ರಿ ಮಾಡಿಕೊಳ್ಳಿ. ನೋಟ್‌ಪ್ಯಾಡಿನ ಎಫ್ 3 ಹುಡುಕುತ್ತದೆ, ರೈಟರಿನ ಎಫ್ 3 ಬರೆಯುತ್ತದೆ. ನೋಟ್‌ಪ್ಯಾಡಿನ ಎಫ್ 5 ಇವತ್ತಿನ ತಾರೀಖು ಹಾಕುತ್ತದೆ, ವರ್ಡಿನ ಎಫ್ 5 ಯಾವ ಪುಟಕ್ಕೆ ಹೋಗಬೇಕು ಎಂದು ಕೇಳುತ್ತದೆ. ಬೇರೆ ಅಂಗಡಿಯ ಪಟ್ಟಿಯನ್ನು ಝೆರಾಕ್ಸ್ ಮಾಡಿ ತಂದು ಅಂಟಿಸಬೇಡಿ.